ಮಾರಾಟಕ್ಕಿಟ್ಟ ನಿದ್ದೆ

ಮೈಲೂರಿನ ಸ್ಯಾಮ್ಯುಯೆಲ ಮಾಸ್ತರರಿಗೆ ನಿವೃತ್ತಿಯ ನಂತರ ಆದ ಮೊದಲ ಮಹಾಜ್ಞಾನೋದಯ ಇದು: ಮನುಷ್ಯನ ನಿದ್ದೆಯನ್ನು ಮಾರಬಹುದು. ಸ್ಮಾರ್ಟ್ ವಾಚು ನಮ್ಮ ನಾಡಿ, ನಡಿಗೆ, ಹೋದ ಊರು, ನಿದ್ದೆ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ನಾವು ಒಪ್ಪಿದರೆ ಕಂಪನಿಯವರು ಅದನ್ನು ಕೊಳ್ಳುತ್ತಾರೆ. ಜೀವಮಾನವಿಡೀ ಇತಿಹಾಸ ಕಲಿಸಿದ ಮಾಸ್ತರರಿಗೆ ಇದು ಬಹಮನಿ ಸುಲ್ತಾನರಿಗೂ ಹೊಳೆಯದ ವ್ಯಾಪಾರವೆನಿಸಿತು. ವಾಚನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಬೆರಗಿನಿಂದ ನೋಡುತ್ತ ಕೂತರು.

"ಇಷ್ಟು ವರ್ಷ ಫುಕಟ್ ಮಲಗೀವಿ ನೋಡು," ಎಂದರು ಹೆಂಡತಿಗೆ.

"ನೀವು ಮಲಗೀರಿ. ನನಗೆಲ್ಲಿ ನಿದ್ದಿ ಅದರಿ?" ಎಂದರು ರೂತಮ್ಮ.

ಅದೂ ನಿಜವೇ. ಆಸ್ಪತ್ರೆಯಲ್ಲಿ ನರ್ಸಾಗಿ ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿದ ಆಕೆಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಗುಳಿಗೆಯಾಯಿತು, ಗಸಗಸೆ ಹಾಲಾಯಿತು. ಇಲ್ಲದ ನಿದ್ದೆಗೇ ಬೆಲೆ ಜಾಸ್ತಿಯಿರಬಹುದೆಂದು (ಮಾಸ್ತರರ ಅರ್ಥಶಾಸ್ತ್ರ) ತಮ್ಮ ಹೆಸರು, ತಮ್ಮ ಫೋನ್ ನಂಬರು ಕೊಟ್ಟು, ವಾಚನ್ನು ಆಕೆಯ ಕೈಗೆ ಕಟ್ಟಿದರು. "ಒಯ್ಯಲಿ ಬಿಡ್ರಿ, ಒಯ್ಯಲಿಕ್ಕ ಇರೋದಾರ ಏನದ," ಎಂದು ರೂತಮ್ಮನೂ ಕೈ ಚಾಚಿದರು.

ಮಾಸ್ತರರಿಗೆ ಈ ಲೋಕದಲ್ಲಿ ಹೆಮ್ಮೆಯೆಂಬುದು ಒಂದೇ: ಚರ್ಚಿನಲ್ಲಿ ಅವರು ಮಾಡುವ ಪ್ರಸಂಗ. ಬೀದರ, ಭಾಲ್ಕಿ, ಔರಾದಗಳ ಸಭೆಗಳು ಭಾನುವಾರಕ್ಕೊಂದರಂತೆ ಅವರನ್ನು ಕರೆಯುತ್ತಿದ್ದವು. (ಉದ್ದವಾಯಿತೆಂದು ಗೊಣಗುವವರು ಎಲ್ಲ ಊರಲ್ಲೂ ಇರುತ್ತಾರೆ, ಬಿಡಿ.) ಮೊದಲ ಬೆಂಚಿನಲ್ಲಿ ತಲೆ ಬಾಗಿಸಿ, ಕಣ್ಣು ಮುಚ್ಚಿ ಧ್ಯಾನಸ್ಥಳಾಗಿ ಕೂತ ಹೆಂಡತಿಯನ್ನು ಕಂಡರೆ ಅವರ ದನಿಗೆ ಬಲ ಬರುತ್ತಿತ್ತು. ಆ ಒಬ್ಬಳ ಎದೆಗೆ ಮಾತು ಮುಟ್ಟಿದರೆ ಸಾಕೆಂದುಕೊಳ್ಳುತ್ತಿದ್ದರು.

ಕೆಲವು ತಿಂಗಳ ಮೇಲೆ ಫೋನು ಬಂತು.

"ಸರ್, ನಾ ಇರಮ ಅಂತ್ರಿ, ವಾಚಿನ ಕಂಪನಿಯಿಂದ. ನಿಮ್ಮ ನಿದ್ದಿ ನೋಡಿ ನಮ್ಮ ಆಫೀಸಿನ್ಯಾಗ ಎಲ್ಲಾರೂ ದಂಗಾಗ್ಯಾರ್ರಿ. ವಾರವಿಡೀ ನಿಮಗ ನಿದ್ದೀನೇ ಇಲ್ಲ. ಭಾನುವಾರ ಮುಂಜಾನಿ ಹತ್ತೂ ಮುಕ್ಕಾಲಕ್ಕ ಶುರು ಆಗ್ತದ ನೋಡ್ರಿ, ಕೂಸು ಮಲಗಿದ್ಹಂಗ. ಯಾವ ಗುಳಿಗಿ ತಗೋತೀರಿ?"

"ಬೇಟಿ, ಆ ಹೊತ್ತಿನ್ಯಾಗ ನಾ ನಿಂತು ಪ್ರಸಂಗ ಹೇಳ್ತಿರ್ತೀನಿ."

"ನಿದ್ದಿಯಾಗೇ ಹೇಳ್ತೀರೇನ್ರಿ?" ಹುಡುಗಿಯ ದನಿಯಲ್ಲಿ ಚೇಷ್ಟೆಯಿರಲಿಲ್ಲ, ಶುದ್ಧ ಬೆರಗು.

ಆಗ ಮಾಸ್ತರರಿಗೆ ವಾಚು ಯಾರ ಕೈಯಲ್ಲಿದೆಯೆಂಬುದು ನೆನಪಾಯಿತು. ಕುರ್ಚಿ ಹುಡುಕಿ ಕೂತರು.

"ಬೆಂಚಿನ ಗುಣ ಇರಬೇಕು," ಎಂದರು ಸಣ್ಣ ದನಿಯಲ್ಲಿ.

"ಇಲ್ರಿ. ಬೀದರ, ಭಾಲ್ಕಿ, ಔರಾದ, ಎಲ್ಲಿ ಹೋದ್ರೂ ಬರ್ತದ್ರಿ. ಔರಾದಿನ್ಯಾಗ ಒಂದ್ ಭಾನುವಾರ ಮಾತ್ರ ಜರಾನೂ ಬಂದಿಲ್ರಿ."

ಆ ಭಾನುವಾರ ಮಾಸ್ತರರ ಗಂಟಲು ಕಟ್ಟಿ, ಪಾಸ್ಟರ್ ಜೆರೋಮರು ಪ್ರಸಂಗ ಮಾಡಿದ್ದರು.

"ಅಲ್ಲಿ ಏನಾರ ಸಪ್ಪಳ ಇರ್ತದೇನ್ರಿ? ರೆಕಾರ್ಡಿಂಗ್ ಇದ್ರ ಕಂಪನಿ ಅದನ್ನೂ ಕೊಳ್ತದ್ರಿ."

ಮಾಸ್ತರರು ಫೋನಿಟ್ಟು ಅಡುಗೆಮನೆಗೆ ಹೋದರು. ರೂತಮ್ಮ ರೊಟ್ಟಿ ಬಡಿಯುತ್ತಿದ್ದರು.

"ಇಷ್ಟು ವರ್ಷ ಪ್ರಾರ್ಥನಿ ಮಾಡ್ತಿದ್ದಿ ಅಂತ ತಿಳದಿದ್ದೆ."

ಹಿಟ್ಟಿನ ಕೈ ನಿಂತಿತು. "ವಾಚು ಚಾಡಿ ಹೇಳಿತೇನ್ರಿ? ಶುರುವಿಗೆ ಪ್ರಾರ್ಥನೀನೇ ಮಾಡ್ತೇನಿ." ಆಮೇಲೆ ತಲೆಯೆತ್ತದೆ ಹೇಳಿದರು: "ರಾತ್ರಿ ಹಾಸಿಗಿ ಮ್ಯಾಗ ಬಿದ್ರ, ವಾರ್ಡಿನ್ಯಾಗ ಯಾರೋ 'ಸಿಸ್ಟರ್' ಅಂತ ಕರದ್ಹಂಗ ಆಗ್ತದರಿ. ನಿಮ್ಮ ದನಿ ಕೇಳ್ಲಿಕತ್ರ ಯಾರೂ ಕರಿಯಂಗಿಲ್ಲ. ನೀವು ಎಚ್ಚರ ಇದ್ದೀರಿ, ನಾ ಮಲಗಿದ್ರ ನಡೀತದ ಅನಸ್ತದ."

ಮಾಸ್ತರರು ಗುಳಿಗೆಗಳನ್ನೂ ಸೋಲಿಸಿದ ತಮ್ಮ ಗಂಟಲನ್ನು ಮುಟ್ಟಿ ನೋಡಿಕೊಂಡರು. ಬೆರಗೂ ಆಯಿತು, ಹೊಟ್ಟೆಯೂ ಉರಿಯಿತು. ಕೊನೆಗೆ ಉರಿಯೇ ಗೆದ್ದು, ಮುಂದಿನ ಭಾನುವಾರಕ್ಕೆ ಬೈಬಲಿನ ಯೆರಿಕೋ ಕೋಟೆಯ ಗೋಡೆ ತುತೂರಿಯ ಸದ್ದಿಗೇ ಬೀಳುವ ಪ್ರಸಂಗವನ್ನೇ ಸಿದ್ಧಮಾಡಿದರು. ತುತೂರಿ, ಆರ್ಭಟ, ಕಲ್ಲುಗಳ ಉರುಳಾಟ. ಹ್ಯಾಗೆ ಮಲಗುತ್ತಾಳೋ ನೋಡಿಯೇಬಿಡೋಣವೆಂದು.

ಬೀದರಿನ ಸಭೆ ತುಂಬಿತ್ತು. ಮಾಸ್ತರರು ಗುಡುಗಿದರು. ತುತೂರಿ ಊದುವ ಮೊದಲೇ ಮೊದಲ ಬೆಂಚಿನಲ್ಲಿ ರೂತಮ್ಮನ ತಲೆ ಮೆಲ್ಲಗೆ ಬಾಗಿತು. ಹಣೆಯ ಗೆರೆಗಳು ಸಡಿಲವಾದವು. ಮದುವೆಯಾದ ಹೊಸದರಲ್ಲಿ ಕಂಡ ಮುಖ ಅದು. ಮೇಜು ಗುದ್ದಲೆಂದು ಎತ್ತಿದ್ದ ಮುಷ್ಟಿಯನ್ನು ಮಾಸ್ತರರು ಸದ್ದಿಲ್ಲದೆ ಕೆಳಗಿಳಿಸಿದರು.

ಯೆರಿಕೋದ ಗೋಡೆ ಅಂದು ಬಹಳ ಮೆತ್ತಗೆ, ಒಂದೊಂದೇ ಕಲ್ಲಾಗಿ ಬಿತ್ತು. ಹಸಿದಿದ್ದ ಸಭೆ ಮಿಸುಕಾಡಿತು. ಕಾರ್ಯದರ್ಶಿ ನೋಹ ಹಿಂದಿನಿಂದ ಇನ್ನು ಸಾಕೆಂದು ಕೈ ಮಾಡಿದ. ಮಾಸ್ತರರು ನೋಡಿಯೂ ನೋಡದವರಂತೆ, ಅದೇ ತಗ್ಗಿದ ದನಿಯಲ್ಲಿ, ಬಿದ್ದ ಗೋಡೆಯನ್ನು ಮತ್ತೆ ಬುನಾದಿಯಿಂದ ಕಟ್ಟತೊಡಗಿದರು.