ಎಂಟು ಚಪಾತಿ ತಿನ್ನುತ್ತಿದ್ದ ಎ.ಐ.

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಏನಾದರೊಂದು ನೆಪ ಹುಡುಕಿ ಎದ್ದುಹೋಗಿದ್ದೇನೆ. ಕನ್ನಡಕ ಸರಿಯಿಲ್ಲ, ದೆಹಲಿಯ ಚಳಿಗೆ ಬೆರಳು ಮಡಚುತ್ತಿಲ್ಲ, ಹೀಗೆ. ಇವತ್ತು ಬಿಸಿಲೂ ಇದೆ, ಕನ್ನಡಕವೂ ಹೊಸದು. ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ!

ಕಟ್ಟಡದ ಕೆಲಸದಲ್ಲಿ ಜಗಳ ಹುಟ್ಟುವ ಮೊದಲೇ ಅದನ್ನು ಪತ್ತೆಹಚ್ಚುವ ಎ.ಐ. ಈಗ ಬಂದಿದೆಯಂತೆ. ಈಗೇನು ಬಂತು ಮಣ್ಣು! ನಮ್ಮ ಮನೆಯಲ್ಲಿ ಅದು ಇಪ್ಪತ್ತೈದು ವರ್ಷದ ಹಿಂದೆಯೇ ಇತ್ತು. ಊಟಕ್ಕೆ ಕೂತರೆ ಎಂಟು ಚಪಾತಿ ತಿನ್ನುತ್ತಿತ್ತು. ನನ್ನ ಹೆಂಡತಿಯ ತಮ್ಮ!

ಎಸ್ಸೆಸ್ಸೆಲ್ಸಿ ಮುಗಿಸಿ ದೆಹಲಿಗೆ ಬಂದ ನಾನು ಒಬ್ಬ ಬಿಲ್ಡರ್ ಬಳಿ ಸೂಪರ್‌ವೈಸರ್ ಆಗಿದ್ದೆ. ಫರೀದಾಬಾದಿನ ಸೈಟಿನಲ್ಲಿ ರಿಜಿಸ್ಟರ್ ಬರೆಯಲು ಅವನನ್ನು ನಾನೇ ಸೇರಿಸಿದೆ. ಮೊದಲ ದಿನವೇ ಅವನಿಗೆ ಹುಚ್ಚು ಹಿಡಿಯಿತು. ‘ಇಟ್ಟಿಗೆ ನೆನೆಸು’ ಎಂದರೂ ಸಾಕು; ಯಾರು ಹೇಳಿದರು, ಎಷ್ಟು ಗಂಟೆಗೆ, ಎಲ್ಲಿ ನಿಂತು, ಎಲ್ಲವನ್ನೂ ಬರೆಯುವನು. ಅದೂ ಕನ್ನಡದಲ್ಲಿ! ಆ ಸೈಟಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ನಾನು ಒಂದು ದಿನವೂ ಓದಲಿಲ್ಲ.

ಗೋಡೆಯೊಳಗೆ ಹೋಗುವ ಪ್ರತಿ ಪೈಪಿನ ಫೋಟೋ ತೆಗೆಯುವನು. ಅಳತೆ ತಿಳಿಯಲೆಂದು ಪಕ್ಕದಲ್ಲಿ ತನ್ನದೇ ಚಪ್ಪಲಿ! ಮಾಲೀಕರು ಆಲ್ಬಂ ತಿರುವಿ, “ಭಯ್ಯಾ, ನಾವು ಫ್ಲ್ಯಾಟ್ ಮಾರ್ತಿದ್ದೀವಾ, ಚಪ್ಪಲಿನಾ?” ಎಂದರು.

ಮನೆಯಲ್ಲಾದರೂ ಸುಮ್ಮನಿದ್ದನೇ?

“ಅಕ್ಕ, ಉಪ್ಪು ಕಡಿಮೆ ಹಾಕು ಅಂದಿದ್ದು ಯಾರು?”

“ನಿಮ್ಮ ಭಾವ.”

“ಬರೆಸಿಕೊಂಡುಬಿಡು. ನಾಳೆ ಸಪ್ಪೆ ಅಂತ ಕೂಗಾಡ್ತಾರೆ.”

ಮರುದಿನ ನಾನು ಅಕ್ಷರಶಃ ಹಾಗೆಯೇ ಕೂಗಾಡಿದೆ!

ಒಂದು ದಿನ ನಾಲ್ಕನೆಯ ಮಹಡಿಯಲ್ಲಿ ನಿಂತು, ಬಾತ್‌ರೂಮಿನ ಬಾಗಿಲುಗಳನ್ನೆಲ್ಲ ಒಳಕ್ಕೆ ತೆರೆಯುವಂತೆ ಕೂರಿಸು ಎಂದು ಬಡಗಿಗೆ ಹೇಳಿದೆ. ನಕ್ಷೆಯಲ್ಲಿ ಹೊರಕ್ಕಿತ್ತು. ನಾನಿರುವಾಗ ನಕ್ಷೆ ಯಾಕೆ?

“ಭಾವ, ಇದಕ್ಕೊಂದು ಸೈನ್ ಹಾಕಿ.”

“ನಿನ್ನ ಅಕ್ಕನ್ನ ಮದುವೆ ಆಗೋವಾಗಲೇ ಸೈನ್ ಹಾಕಿಲ್ಲ, ಹೋಗೋ!”

ಬಾಗಿಲುಗಳು ಕಮೋಡಿಗೆ ಬಡಿದು ಅರ್ಧಕ್ಕೇ ನಿಂತವು. ಒಳಗೆ ಹೋದವರು ಬಾಗಿಲು ಮುಚ್ಚಬೇಕಾದರೆ ಕಮೋಡಿನ ಮೇಲೆ ಹತ್ತಿ ನಿಲ್ಲಬೇಕು! ಫ್ಲ್ಯಾಟ್ ಕೊಂಡವರು ಕೋರ್ಟಿಗೆ ಹೋಗುತ್ತೇವೆಂದರು. ಮಾಲೀಕರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ, ಹೇಳಿದವರು ಯಾರೆಂದು ಕೇಳಿದರು. ಬಡಗಿ ಊರಿಗೆ ಹೋಗಿದ್ದ. ನಾನಲ್ಲ ಎಂದು ತಲೆಯಾಡಿಸಿದೆ. ಅಷ್ಟು ಅಚ್ಚುಕಟ್ಟಾಗಿ ಬೇರಾವ ಕೆಲಸವನ್ನೂ ನಾನು ಮಾಡಿದ್ದಿಲ್ಲ.

“ರಿಜಿಸ್ಟರ್ ಮೇಂ ಕುಛ್ ಲಿಖಾ ಹೈ?”

“ನಹೀಂ ಲಿಖಾ, ಸರ್,” ಬರೆದಿಲ್ಲವೆಂದ ನನ್ನ ಭಾವಮೈದುನ.

ಬರೆಯದ ತಪ್ಪಿಗೆ ಅವನ ಕೆಲಸ ಹೋಯಿತು. ಘಾಜಿಯಾಬಾದಿನ ಯಾವುದೋ ಕಾರ್ಖಾನೆಯ ಸ್ಟೋರು ಸೇರಿಕೊಂಡ. ಹಬ್ಬಕ್ಕೆ ಬಂದಾಗಲೆಲ್ಲ ನೆಂಟರ ಮುಂದೆ ನಾನೇ ಕತೆ ಹೇಳುತ್ತಿದ್ದೆ: “ಜಗತ್ತನ್ನೆಲ್ಲ ಬರೆದ ಮಹಾಶಯ ಬೇಕಾದ ಒಂದೇ ಒಂದು ಸಾಲು ಮರೆತ!” ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ.

ಮೊನ್ನೆ ಮಾಲೀಕರ ಮಗಳು ಕರೆಸಿದಳು. ಈಗ ಕಂಪನಿ ನಡೆಸುವವಳು ಅವಳೇ. “ಅಂಕಲ್‌ಜೀ, ಜಗಳ ಎಲ್ಲಿಂದ ಶುರುವಾಗುತ್ತೆ ಅಂತ ಕಲಿಸೋಕೆ ಹಳೇ ರಿಜಿಸ್ಟರ್ ಎಲ್ಲ ಎ.ಐ.ಗೆ ಓದಿಸಿದ್ದೀವಿ. ಕನ್ನಡದ್ದನ್ನು ಸರಿಯಾಗಿ ಓದಿದೆಯಾ, ನೋಡ್ತೀರಾ?”

ಒಂದು ಪುಟಕ್ಕೆ ಅದು ಕೆಂಪು ಗುರುತು ಹಾಕಿತ್ತು: ಬಾಯಿಮಾತಿನ ಆದೇಶ, ನಕ್ಷೆಗೆ ವಿರುದ್ಧ, ಸಹಿ ಇಲ್ಲ, ಜಗಳ ಖಚಿತ. ಪಕ್ಕದಲ್ಲಿ ಅವನ ದುಂಡನೆಯ ಅಕ್ಷರ:

“ಬೆಳಿಗ್ಗೆ ಹನ್ನೊಂದು. ನಾಲ್ಕನೇ ಮಹಡಿ. ಬಾತ್‌ರೂಮ್ ಬಾಗಿಲು ಒಳಕ್ಕೆ ತೆರೆಯಲಿ ಎಂದು ಭಾವ ಹೇಳಿದರು. ಸೈನ್ ಕೇಳಿದೆ. ಹಾಕಲಿಲ್ಲ.”

ಬರೆದಿದ್ದ!

“ಯೇ ಭಾವ ಕೌನ್ ಹೈ, ಅಂಕಲ್‌ಜೀ?”

“ನಾನೇ, ಮಗಳೇ.”

ಅವಳು ಪರದೆಯತ್ತ ತಿರುಗಿದಳು. “ಅಚ್ಛಾ... ಬರೆದವರು ಇದನ್ನ ಆವತ್ತೇ ಯಾಕೆ ತೋರಿಸಲಿಲ್ಲ? ಇಲ್ಲಿ ಕಾರಣದ ಕಾಲಂ ಖಾಲಿ ಇದೆ.”

ಏನೆಂದು ತುಂಬಿಸಲಿ? ಆಗ ಅವನ ಅಕ್ಕ ಏಳು ತಿಂಗಳ ಬಸುರಿ ಎಂದೇ?

ಘಾಜಿಯಾಬಾದಿಗೆ ಮೆಟ್ರೋದಲ್ಲಿ ಒಂದು ಗಂಟೆಯ ದಾರಿ. ಎರಡು ಸಲ ಹೊರಟೆ, ಎರಡು ಸಲವೂ ಕಾಶ್ಮೀರಿ ಗೇಟಿನಿಂದ ವಾಪಸಾದೆ. ಎದುರು ನಿಂತರೆ ಅವನು “ಬನ್ನಿ ಭಾವ” ಎನ್ನುತ್ತಾನೆ. ನಾನು ಊಟ ಮಾಡಿ ಎದ್ದು ಬಂದುಬಿಡುತ್ತೇನೆ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ: ಹೇಳಿದವನು ನಾನು. ನನ್ನದು ತಪ್ಪಾಯಿತು, ಶ್ರೀಕಂಠ.