ನಾಯಿಯ ಉಗುರು, ನೆಂಟನ ಕಾಫಿ

ಹೆದರುವ ಮತ್ತು ವಯಸ್ಸಾದ ನಾಯಿ ಬೆಕ್ಕುಗಳಿಗೆ ಮನೆಗೇ ಹೋಗಿ ಉಗುರು ಕತ್ತರಿಸುವುದು, ಕಿವಿಗೆ ಔಷಧಿ ಬಿಡುವುದು ನನ್ನ ಕೆಲಸ. ಹೋದ ಕೂಡಲೇ ಪ್ರಾಣಿಯನ್ನು ಮುಟ್ಟುವುದಿಲ್ಲ. ನೆಂಟನ ಹಾಗೆ ಕೂತು ಕಾಫಿ ಕುಡಿಯುತ್ತೇನೆ. ಅದಾಗಿಯೇ ಹತ್ತಿರ ಬಂದ ಮೇಲೆ ಕೆಲಸ. ಇಷ್ಟು ವರ್ಷದಲ್ಲಿ ಪ್ರಾಣಿಗಳಿಂದ ನನಗೆ ತೊಂದರೆಯಾಗಿಲ್ಲ. ಆಗುವುದೆಲ್ಲ ಮನೆಯವರಿಂದಲೇ.

೧. ಬೊಮ್ಮಸಂದ್ರದ ಬೆಕ್ಕು

ಕಾರ್ಖಾನೆಗೆ ಹೋಗುವ ರಾಯಚೂರಿನ ಮೂವರು ಒಂದೇ ರೂಮಿನಲ್ಲಿ ಮುದಿ ಬೆಕ್ಕೊಂದನ್ನು ಸಾಕಿದ್ದರು. ಬೆಳಿಗ್ಗೆ ಹೋದಾಗ ಬಾಗಿಲು ತೆಗೆದವನು, "ಸಾವಕಾಶ ಹೋಗ್ರಿ ಸರ, ಹೊದಿಕ್ಯಾಗ ಮಲಗೇತಿ, ಭಾಳ ಅಂಜತೈತಿ" ಎಂದು ಹೇಳಿ ಡ್ಯೂಟಿಗೆ ಹೊರಟ. ಮೂಲೆಯ ಹೊದಿಕೆಯಲ್ಲಿ ಉಬ್ಬು ಕಾಣಿಸಿತು. ಪಕ್ಕದಲ್ಲಿ ಕೂತು, ಉಬ್ಬು ತಾನಾಗಿಯೇ ನನ್ನತ್ತ ಸರಿದ ಮೇಲೆ, "ಬಾ ಬಂಗಾರ" ಎನ್ನುತ್ತ ಮೆಲ್ಲಗೆ ಸವರತೊಡಗಿದೆ. ಅಲುಗದೆ ಹಾಯಾಗಿ ಸವರಿಸಿಕೊಂಡಿತು. ಹತ್ತು ನಿಮಿಷವಾದ ಮೇಲೆ ಒಳಗಿನಿಂದ ದನಿ ಬಂತು:

"ಸರ, ಬೆಕ್ಕು ಕಿಟಕ್ಯಾಗ ಐತ್ರಿ. ಇದು ನನ್ನ ಕಾಲು. ನೈಟ್ ಶಿಫ್ಟ್ ಮುಗಿಸಿ ಬಂದೀನಿ, ಇನ್ನೊಂದೀಟು ಹಂಗ ಒತ್ರಿ."

೨. ದೊಡ್ಡನೆಕ್ಕುಂದಿಯ ಮೀಟಿಂಗ್

ಮಿಕ್ಸಿ ಸದ್ದಿಗೂ ನಡುಗಿ ಬೊಗಳುವ ನಾಯಿ. ಮೇಡಂ ಲ್ಯಾಪ್‌ಟಾಪ್ ಮುಂದೆ ಮೀಟಿಂಗಿನಲ್ಲಿದ್ದರು, ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ. "ಕೂಗಾಡ್ಬೇಡ ಕಣೋ, ಉಸಿರು ಬಿಡು. ಇಲ್ಲಿ ಯಾರೂ ನಿನ್ನ ಶತ್ರುಗಳಲ್ಲ" ಎಂದು ನಾಯಿಗೆ ಹೇಳುತ್ತಿದ್ದೆ. ಮೈಕ್ ಆನ್ ಆಗಿತ್ತು. ಆ ಹೊತ್ತಿಗೆ ಎಲ್ಲರಿಗೂ ಬೈಯುತ್ತಿದ್ದ ಮ್ಯಾನೇಜರ್ ತಟ್ಟನೆ ಸುಮ್ಮನಾಗಿ, "ಸಾರಿ, ಸ್ವಲ್ಪ ಜಾಸ್ತಿ ಆಯ್ತು" ಅಂದರು.

ಮುಂದಿನ ವಾರ ಮೇಡಂ ಫೋನ್ ಮಾಡಿದರು: "ನಾಯಿ ಚೆನ್ನಾಗಿದೆ. ಸೋಮವಾರ ಹತ್ತು ಗಂಟೆಗೆ ಮತ್ತೆ ಮೀಟಿಂಗ್ ಇದೆ, ಬಂದ್ಬಿಡಿ."

೩. ಕುಂದಲಹಳ್ಳಿಯ ಅಜ್ಜಿ

ಇಲ್ಲಿ ಮಾತ್ರ ನನಗೂ ಭಯವಿತ್ತು. ಹದಿನಾಲ್ಕು ವರ್ಷದ ನಾಯಿ. ಉಗುರು ಸುರುಳಿ ಸುತ್ತಿ ಪಾದಕ್ಕೆ ಚುಚ್ಚಿಕೊಂಡಿತ್ತು, ನಡೆಯಲಾಗುತ್ತಿರಲಿಲ್ಲ. ಆಸ್ಪತ್ರೆಯ ಗೇಟು ಕಂಡರೇ ಕುಸಿದು ಬೀಳುತ್ತಿತ್ತು. ಅರಿವಳಿಕೆ ಕೊಟ್ಟರೆ ಈ ವಯಸ್ಸಿಗೆ ಏಳುವುದು ಅನುಮಾನ ಎಂದಿದ್ದರು ಡಾಕ್ಟರು. "ಹೇಗಾದ್ರೂ ಮಾಡಿ ಅಣ್ಣ" ಎಂದು ಆ ಮನೆಯ ಹುಡುಗಿ ಫೋನಿನಲ್ಲಿ ಅತ್ತಿದ್ದಳು.

ಆಸ್ಪತ್ರೆ ವಾಸನೆ ಬರಬಾರದೆಂದು ಇಸ್ತ್ರಿ ಅಂಗಿ ತೊಟ್ಟು, ಕತ್ತರಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಹುಡುಗಿ ಅಪ್ಪ ಅಮ್ಮನ ಜೊತೆ ಹೂ ಹಣ್ಣು ತರಲು ಹೋಗಿದ್ದಳು. ಮನೆಯಲ್ಲಿ ಅಜ್ಜಿ, ಸೋಫಾದ ಕೆಳಗೆ ನಾಯಿ. ಅಂದು ಇಬ್ಬರು ಬರುವವರಿದ್ದರು: ಮೊಮ್ಮಗಳನ್ನು ನೋಡಲು ಗಂಡು, ನಾಯಿಯ ಉಗುರು ಕತ್ತರಿಸಲು ನಾನು. ಯಾರು ಮೊದಲೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಇದು ನನಗೆ ತಿಳಿದದ್ದು ಆಮೇಲೆ.

"ಒಬ್ನೇ ಬಂದ್ಯೇನಪ್ಪಾ?"

"ಹೂಂ ಅಜ್ಜಿ. ಜನ ಜಾಸ್ತಿ ಆದ್ರೆ ಗಲಾಟೆ."

ಅಜ್ಜಿಗೆ ಇದು ಹಿಡಿಸಿತು. ಕಾಫಿ ಬಂತು. "ಅಣ್ತಮ್ಮದೀರು ಏಸು ಜನ?" "ನಾನೊಬ್ನೇ." ಕೇಸರಿಬಾತ್ ಬಂತು. "ಜಮೀನು?" "ಎರಡು ಎಕರೆ ಇದೆ." ಕೇಸರಿಬಾತಿಗೆ ಇನ್ನೊಂದು ಚಮಚ ತುಪ್ಪ ಬಿತ್ತು. ಹಳ್ಳಿಯ ಹಿರಿಯರು ಎಲ್ಲರನ್ನೂ ಹೀಗೇ ವಿಚಾರಿಸುತ್ತಾರೆ ಅಂದುಕೊಂಡೆ. ಮದುವೆಯಾಗಿದೆಯಾ ಎಂದು ಮಾತ್ರ ಕೇಳಲಿಲ್ಲ; ಕೇಳಿದ್ದರೆ ಆರು ವರ್ಷವಾಯಿತು ಎನ್ನುತ್ತಿದ್ದೆ.

ಮುಕ್ಕಾಲು ಗಂಟೆಯ ಮೇಲೆ ನಾಯಿ ಕುಂಟುತ್ತ ಹೊರಬಂದು ನನ್ನ ಪಾದದ ಮೇಲೆ ತಲೆಯಿಟ್ಟಿತು. ಮೆಲ್ಲಗೆ ಕತ್ತರಿ ತೆಗೆದು ಚುಚ್ಚಿದ್ದ ಉಗುರನ್ನು ಬಿಡಿಸಿದೆ. ಕುಂಯ್ ಅನ್ನಲಿಲ್ಲ. ಉಳಿದ ಉಗುರುಗಳನ್ನೂ ಕತ್ತರಿಸಿದೆ.

ಅಜ್ಜಿ ಗಲ್ಲದ ಮೇಲೆ ಕೈಯಿಟ್ಟು ನೋಡುತ್ತಿದ್ದರು. "ಕೆಲ್ಸಗಾರ ಉಡ್ಗ. ಬಂದ್ ಮನೇಲೂ ಸುಮ್ಕೆ ಕೂರಾಕಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತಿತು. ರೇಷ್ಮೆ ಅಂಗಿಯ ಯುವಕ, ಅವನ ಅಪ್ಪ ಅಮ್ಮ, ಕೈಯಲ್ಲಿ ಹಣ್ಣಿನ ತಟ್ಟೆ. ಅಜ್ಜಿ ಎದ್ದು ಹೋಗಿ ಗೇಟಿಗೆ ಅಡ್ಡ ನಿಂತರು.

"ಒಂದ್ ನಾಯಿ ಉಗುರಿಗೆ ಮೂರ್ ಜನ ಬಂದ್ರಾ? ಓಗಿ ಓಗಿ, ನಮ್ ಅಳೀಮಯ್ಯನೇ ಕತ್ತರಿಸ್ಬುಟ್ಟ!"