ಹಿಡದೈತ್ರಿ, ಬಿಡವಲ್ದು

ಹೆದರಿಕೆಯಲ್ಲಿ ಎರಡು ಬಗೆ. ನಾಲ್ಕು ಜನರ ಎದುರು ಒಪ್ಪಿಕೊಳ್ಳಬಹುದಾದದ್ದು ಒಂದು: ಹಾವು, ಇಂಜೆಕ್ಷನ್, ಹೆಂಡತಿಯ ತವರಿನವರು ಇತ್ಯಾದಿ. ಒಪ್ಪಿಕೊಳ್ಳಲು ಬಾರದ್ದು ಇನ್ನೊಂದು. ಬೈಲಹೊಂಗಲದಲ್ಲಿ ಕೆಟ್ಟ ಲಾರಿಗಳನ್ನು ಎಳೆದು ತರುವ ದೊಡ್ಡ ಗಾಡಿಯ ಮಾಲೀಕನಾದ ನನಗೆ ಏರು ರಸ್ತೆ ಕಂಡರೆ ಎದೆ ಡವಗುಟ್ಟುತ್ತದೆ ಎಂಬುದು ಈ ಎರಡನೆಯ ಬಗೆಯದು. ಆನೆ ಸಾಕಿದವನಿಗೆ ಸೊಂಡಿಲಿನ ಭಯವಿದ್ದಂತೆ. ಹೀಗಾಗಿ ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ಲಾರಿಗಳು ಹೊರುವ ಭಾರ ನೋಡಿದರೆ ಅವು ಕೆಡದೆ ಇರುವುದೇ ಆಶ್ಚರ್ಯ. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆಂದು ಹೊರಟದ್ದು ಎಲ್ಲೋ ಕೂತುಬಿಡುತ್ತದೆ, ನಮಗೆ ಫೋನು ಬರುತ್ತದೆ, ನನ್ನ ಡ್ರೈವರ್ ಈರಪ್ಪ ಹೊರಡುತ್ತಾನೆ. ಮಾಲೀಕನೂ ಜೊತೆಗಿದ್ದರೆ ಗಿರಾಕಿಗಳಿಗೆ ಭರವಸೆ ಎಂದು ಒಮ್ಮೊಮ್ಮೆ ನಾನೂ ಎಡಗಡೆಯ ಸೀಟಿನಲ್ಲಿ ಕೂಡುತ್ತೇನೆ. ಮಾಡಲು ಕೆಲಸವಿಲ್ಲದ ಆ ಸೀಟಿನಲ್ಲಿ ಗಂಭೀರವಾಗಿ ಕೂಡುವುದೂ ಒಂದು ಕೆಲಸವೇ.

ಉಗರಗೋಳದ ಈಚೆಗೆ ಒಂದು ಏರಿದೆ. ಒಂದು ದಿನ ಕೆಟ್ಟ ಲಾರಿಯೊಂದನ್ನು ಎಳೆದುಕೊಂಡು ಅದನ್ನು ಹತ್ತುವಾಗ ಮಟಮಟ ಮಧ್ಯಾಹ್ನ. ಎರಡೂ ಕಡೆ ಕಬ್ಬು ಕಡಿದು ಬರಿದಾದ ಕಪ್ಪು ಹೊಲ. ಗಾಳಿ ಇಲ್ಲ, ಕಾಗೆಯ ದನಿಯೂ ಇಲ್ಲ. ಎಷ್ಟೋ ದೂರದವರೆಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಗೇರ್ ಬಾಕ್ಸಿನೊಳಗಿಂದ ಮಾತ್ರ, ಬಾಗಿಲು ಹಾಕಿಕೊಂಡು ಯಾರೋ ಅಳುತ್ತಿರುವಂತೆ ಸಣ್ಣ ದನಿ. ಹೊಂಡ ಬಂತೆಂದು ಈರಪ್ಪ ಆಕ್ಸಿಲರೇಟರಿನ ಮೇಲಿನ ಕಾಲನ್ನು ತುಸು ಸಡಿಲಿಸಿದ. ಅಷ್ಟರಲ್ಲೇ ‘ಖಟ್’ ಎಂದಿತು. ಗೇರು ನ್ಯೂಟ್ರಲ್ಲಿಗೆ ಬಂದು ಕೂತಿತ್ತು. ಗಾಡಿ ಹಿಂದಕ್ಕೆ ಜಾರತೊಡಗಿತು. ನಮ್ಮ ಹಿಂದೆ ಕಟ್ಟಿದ್ದ ಲಾರಿಯ ಎಂಜಿನ್ ಸತ್ತಿತ್ತು, ಬ್ರೇಕೂ ನೆಚ್ಚುವಂತಿರಲಿಲ್ಲ. ಅದರ ಸ್ಟೇರಿಂಗ್ ಹಿಡಿದು ಕೂತವನು ಮಾತ್ರ ಜೀವಂತ ಮನುಷ್ಯ. ಈರಪ್ಪ ಹೇಗೋ ಬ್ರೇಕು ತುಳಿದು ನಿಲ್ಲಿಸಿದ. ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದ.

ಮತ್ತೊಮ್ಮೆ ಅದೇ ಏರಿನಲ್ಲಿ ಹಾಗೆಯೇ ಆಯಿತು. ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಈರಪ್ಪ ನನ್ನ ಹೆಂಡತಿ ಗಂಗವ್ವನಿಗೆ ಮೆಲ್ಲಗೆ ಹೇಳುತ್ತಿದ್ದ: “ಹಿಡದೈತ್ರಿ ಅಕ್ಕಾರ. ಬಿಡವಲ್ದು. ಅದನ್ನ ಬಿಡಸೂತನಕ ನಾ ಗಾಡಿ ಹತ್ತೂದಿಲ್ಲ. ಹಿಂದ ಕುಂತವನ ಜೀವಾ ಹೋದರ ಏನ್ ಮಾಡೂದ್ರಿ?”

ನಮ್ಮಲ್ಲಿ ಗೇರು ಸಿಕ್ಕಿಕೊಂಡರೂ ಹಿಡದೈತಿ, ಬೇರಿಂಗು ಬಿಗಿದರೂ ಹಿಡದೈತಿ. ನಾನು ಹೊರಗೆ ಬಂದು, ತಿಳಿದವನ ಹಾಗೆ, “ಯಾವಾಗ ಹಿಡೀತೈತಿ?” ಎಂದೆ. ಈರಪ್ಪ ಎದ್ದು ನಿಂತು ಒಂದು ಹೆಜ್ಜೆ ಹಿಂದೆ ಸರಿದ. “ನಾ ಒಬ್ಬನ ಹೋದಾಗ ಏನೂ ಇಲ್ರಿ ಮಾಲಕ್ರ. ನೀವು ಕುಂತಾಗಷ್ಟ.”

ಮಾಲೀಕನ ಎದುರು ಹಟ ಮಾಡುವ ಗೇರ್ ಬಾಕ್ಸೂ ಇರುತ್ತದೆ ಎಂದು ನನಗೆ ಸೋಜಿಗವಾಯಿತು. ಮೇಸ್ತ್ರಿ ದಾವಲಸಾಬರ ಗ್ಯಾರೇಜಿನಲ್ಲಿ ಅದನ್ನು ಇಳಿಸಿ ಬಿಚ್ಚಿಸಿದೆ. ಅವರು ಪ್ರತಿ ಹಲ್ಲನ್ನೂ ಬೆರಳಿನಿಂದ ಸವರಿ ನೋಡಿ, “ಒಳಗ ಎಲ್ಲಾ ಚೊಲೊ ಐತ್ರಿ” ಎಂದರು. ಅದನ್ನು ಕೇಳಿ ನನಗೆ ಮೈ ಜುಂ ಎಂದಿತು. ಕೆಟ್ಟಿದ್ದರೆ ಸಮಾಧಾನವಿತ್ತು. ಆದರೂ ಇರಲಿ ಎಂದು ಗೇರು ಜಾರದಂತೆ ಹಿಡಿಯುವ ಸ್ಪ್ರಿಂಗುಗಳನ್ನು ಹೊಸದಾಗಿ ಹಾಕಿಸಿದೆ. ಇತ್ತ ಗಂಗವ್ವ ಗಾಡಿಗೆ ನಿಂಬೆಹಣ್ಣು ನಿವಾಳಿಸುತ್ತೇನೆಂದು ನನ್ನನ್ನೂ ಸೀಟಿನಲ್ಲಿ ಕೂಡಿಸಿ ನಿವಾಳಿಸಿದಳು. “ಎಲ್ಲಾ ತೆಗಿಸೇವಿ, ಈಗ ಹೋಗಪಾ” ಎಂದು ಈರಪ್ಪನನ್ನು ಒಪ್ಪಿಸಿದಳು. ಸ್ಪ್ರಿಂಗಿನ ವಿಚಾರ ಇವಳಿಗೂ ತಿಳಿಯುತ್ತದಲ್ಲ ಎಂದು ನನಗೆ ಹೆಮ್ಮೆಯಾಯಿತು.

ಮತ್ತೆ ಅದೇ ಏರು, ಹಿಂದೆ ಬೇರೊಂದು ಲಾರಿ. ಒಳಗಿನ ಅಳು ಶುರುವಾಯಿತು. ಈರಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಅಪ್ಪಿಕೊಂಡಿದ್ದ. ‘ಖಟ್!’ ಗಾಡಿ ಜಾರಿತು, ಹಿಂದಿನ ಲಾರಿಯವನು ಕಿರುಚಿದ, ಈರಪ್ಪ ಬ್ರೇಕು ತುಳಿದ. ಹಿಂದಿನ ಎರಡು ಸಲದ ಹಾಗೆ ಈ ಸಲ ನಾನು ಕಣ್ಣು ಮುಚ್ಚಿರಲಿಲ್ಲ. ಗೇರಿನ ಮೇಲೆ ಒಂದು ಕೈ ಇತ್ತು, ಅದನ್ನು ನ್ಯೂಟ್ರಲ್ಲಿಗೆ ಎಳೆದು ಹಿಡಿದಿತ್ತು. ಹಿಡಿದ ಬಿಗಿತಕ್ಕೆ ಬೆರಳುಗಳು ಬಿಳಿಚಿಕೊಂಡಿದ್ದವು. ಯಾರದಪ್ಪಾ ಎಂದು ನೋಡಿದರೆ, ಮದುವೆಯಲ್ಲಿ ಮಾವ ನನಗೆ ಹಾಕಿದ ಉಂಗುರ! ಬಿಡು ಎಂದು ಅದಕ್ಕೆ ಮನಸ್ಸಿನಲ್ಲೇ ಹೇಳಿದೆ. ಅದು ಬಿಡಲಿಲ್ಲ.

ಆಗ ಎಲ್ಲ ಹೊಳೆಯಿತು. ಹಿಡದೈತಿ ಎಂದು ಈರಪ್ಪ ಹೇಳಿದ್ದು ಗೇರಿನ ಮಾತಲ್ಲ, ನನಗೆ ದೆವ್ವ ಹಿಡಿದ ಮಾತು. ನಿಂಬೆಹಣ್ಣು ನಿವಾಳಿಸಿದ್ದೂ ನನಗೇ. ಗೇರ್ ಬಾಕ್ಸನ್ನು ಸುಮ್ಮನೆ ಬಿಚ್ಚಿಸಿದ್ದೆ.

ಈರಪ್ಪ ನನ್ನ ಕಡೆ ತಿರುಗಿ, ತನ್ನ ಬಾಗಿಲಿಗೆ ಒತ್ತಿಕೊಂಡು, ಆದರೂ ಮರ್ಯಾದೆ ಬಿಡದೆ ಕೇಳಿದ: “ಯಾರ ಅದೀರಿ ನೀವು? ಎಲ್ಲಿಂದ ಬಂದೀರಿ? ನಮ್ಮ ಮಾಲಕ್ರನ್ನ ಬಿಟ್ಟು ಹೋಗ್ರಿ. ಹಿಂದ ಮನಷ್ಯಾ ಅದಾನ್ರಿ.”

ಏರಿಗೆ ಹೆದರಿ, ಗೊತ್ತಿಲ್ಲದೆ ಗೇರಿಗೆ ಜೋತುಬಿದ್ದೆ ಎಂದು ನನ್ನ ಡ್ರೈವರನಿಗೆ ನಾನೇ ಹೇಳುವುದೇ? ಅದಕ್ಕಿಂತ ದೆವ್ವವಾಗುವುದೇ ಮಾನ ಎನಿಸಿತು. ದನಿ ಕೀರಲು ಮಾಡಿ, “ಬಿಟ್ಟೇನಿ” ಎಂದೆ. ಬೆರಳುಗಳು ಒಂದೊಂದಾಗಿ ಸಡಿಲಿದವು. ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ನಮ್ಮ ಕಡೆ ಹೊರಟವರು ಹೋಗತೇನಿ ಎನ್ನಬಾರದು, ಅಪಶಕುನ. ಹೋಗುವಾಗಲೂ ಬರತೇನಿ ಎಂದೇ ಹೇಳಬೇಕು. ರೂಢಿಯ ಬಾಯಿ ನೋಡಿ, “ಆತು, ಬರತೇನಿ” ಎಂದುಬಿಟ್ಟೆ.

ಈರಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಏರನ್ನು ಒಂದೇ ಉಸಿರಿನಲ್ಲಿ ಹತ್ತಿಸಿ, ಲಾರಿಯನ್ನೂ ಅದರವನನ್ನೂ ಕ್ಷೇಮವಾಗಿ ಮುಟ್ಟಿಸಿದ. ಅಂದಿನಿಂದ ನನ್ನನ್ನು ಗಾಡಿ ಹತ್ತಗೊಡುವುದಿಲ್ಲ. “ಬರತೇನಿ ಅಂದೈತ್ರಿ ಮಾಲಕ್ರ. ಅವು ಮಾತು ತಪ್ಪೂದಿಲ್ಲ” ಎನ್ನುತ್ತಾನೆ. ಗಂಗವ್ವನಿಗೂ ಇದನ್ನು ಹೇಳಿದ್ದಾನೆ. ಗಾಡಿ ಈಗ ಯಾವ ಏರಿನಲ್ಲೂ ಜಾರುವುದಿಲ್ಲ. ಎಡಗಡೆಯ ಸೀಟು ಖಾಲಿ.

ನಾನು ಈಗಲೂ ದಿನಾ ಪೇಟೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಬರತೇನಿ” ಎನ್ನುತ್ತೇನೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತದೆ. “ಯಾರ್ರಿ ಹಂಗ ಅಂದದ್ದು?” ಎಂದು ಗಂಗವ್ವ ಒಳಗಿನಿಂದಲೇ ಕೇಳುತ್ತಾಳೆ. ನಾನು ಒಂದು ಕ್ಷಣ ತಡೆದು, ನನ್ನ ಎರಡೂ ಕೈಗಳು ಎಲ್ಲಿವೆ ಎಂದು ನೋಡಿಕೊಂಡು, “ನಾನ” ಎನ್ನುತ್ತೇನೆ.